ನಮ್ಮ ಮನೆಯ ಉಷ್ಣ

ನಮ್ಮ ಮನೆಯಲ್ಲಿ ಬಿಳಿ ಕರವಸ್ತ್ರ ಇರಲಿಲ್ಲ. ಅಪ್ಪಾಜಿ ಕಾಟನ್‌ಪೇಟೆಯಿಂದ ಮರೂನ್ ಬಣ್ಣದ ಬಟ್ಟೆ ತರುತ್ತಿದ್ದರು, ಅಮ್ಮ ಅದನ್ನು ಚೌಕ ಚೌಕವಾಗಿ ಕತ್ತರಿಸಿ ಅಂಚು ಹೊಲಿಯುತ್ತಿದ್ದಳು. ಅಪ್ಪಾಜಿಗೆ, ಅಣ್ಣನಿಗೆ, ನನಗೆ, ಎಲ್ಲರಿಗೂ ಅದೇ. ನಮಗೆಲ್ಲ ಮೂಗಿನಲ್ಲಿ ರಕ್ತ ಬರುತ್ತಿತ್ತು, ಮರೂನ್ ಬಟ್ಟೆಯಲ್ಲಿ ಅದು ಕಾಣುತ್ತಿರಲಿಲ್ಲ, ಕಾರಣ ಅಷ್ಟೇ. ಬೇರೆ ಮಕ್ಕಳಿಗೆ ನೆಗಡಿ ಬಂದ ಹಾಗೆ ನಮಗೆ ರಕ್ತ. ಓದುತ್ತ ಕೂತಾಗ ಪುಸ್ತಕದ ಮೇಲೆ ಟಪ್ ಅಂತ ಒಂದು ಹನಿ ಬೀಳುತ್ತಿತ್ತು. ಮದ್ದುಗಳು ಸಿದ್ಧವಿರುತ್ತಿದ್ದವು: ನೆತ್ತಿಗೆ ತಣ್ಣೀರು, ಮೂಗಿಗೆ ಗರಿಕೆ ರಸ, ಕುಡಿಯಲು ನೆನೆಸಿದ ಕಾಮಕಸ್ತೂರಿ ಬೀಜ. ಯಾರಾದರೂ ನೋಡಿ ಕೇಳಿದರೆ ಮನೆಯವರೆಲ್ಲರ ಬಾಯಲ್ಲಿ ಒಂದೇ ಮಾತು, "ಉಷ್ಣ." ಡಿಸೆಂಬರಿನ ಚಳಿಯಲ್ಲೂ ಇಳಿಯದ ಇದೆಂಥ ಉಷ್ಣ ಎಂದು ಯಾರೂ ಕೇಳಲಿಲ್ಲ.

ಆ ಪದ ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಾನು ನೋಡಿರದ ನನ್ನಜ್ಜಿ, ಅಪ್ಪಾಜಿಯ ಅಮ್ಮ, ಇನ್ನೂ ಚಿಕ್ಕ ವಯಸ್ಸಿನ ಹೆಂಗಸು, ಒಲೆಯ ಮುಂದೆ ಕೂತವಳು ಒಂದು ಕಡೆಗೆ ವಾಲಿ ಬಿದ್ದು ಆಮೇಲೆ ಏಳಲೇ ಇಲ್ಲವಂತೆ. ಗಾಳಿ ಸೋಕಿತು ಅಂದರಂತೆ. ನಮ್ಮೆಲ್ಲರ ತುಟಿಯ ಮೇಲೆ, ಬೆರಳ ತುದಿಯಲ್ಲಿ ಗುಂಡುಸೂಜಿಯ ತಲೆಯಷ್ಟು ಕೆಂಪು ಚುಕ್ಕಿಗಳಿದ್ದವು. ಅವು ಅದೃಷ್ಟದ ಮಚ್ಚೆಗಳಂತೆ! ಅಣ್ಣ ಅಂಗಡಿಯ ಅಟ್ಟ ಹತ್ತಿದರೆ ಏದುಸಿರು ಬಿಡುತ್ತಿದ್ದ, ಉಗುರು ನೇರಳೆಗೆ ತಿರುಗುತ್ತಿತ್ತು. ಅದು ಗಲ್ಲಾ ಮುಂದೆ ಕೂತು ಕೂತು ಬಂದ ಸೋಮಾರಿತನವಂತೆ. ಇಂಥ ಹೆಸರುಗಳನ್ನೆಲ್ಲ ಇಡುತ್ತಿದ್ದವಳು ನಮ್ಮ ಅತ್ತೆ, ಅಪ್ಪಾಜಿಯ ಅಕ್ಕ. ಗಂಡ ತೀರಿಕೊಂಡ ಮೇಲೆ ಚಾಮರಾಜಪೇಟೆಯ ನಮ್ಮ ಮನೆಗೆ ಬಂದವಳು, ಬಂದ ದಿನದಿಂದ ಮನೆಯ ಯಜಮಾನಿಕೆಯೂ ಅವಳದೇ ಆಗಿತ್ತು. ಅವಳ ಸೊಂಟದಲ್ಲೂ ಒಂದು ಮರೂನ್ ಕರವಸ್ತ್ರ ಇರುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪಾಜಿಗೆ ಮಾಮೂಲ್‌ಪೇಟೆಯಲ್ಲಿ ಹಗ್ಗ, ಗೋಣಿಚೀಲದ ಅಂಗಡಿ. ಅಣ್ಣ ಮೂವತ್ತರ ಆಸುಪಾಸಿನವನು, ಅವರ ಜೊತೆ ಅಂಗಡಿ ನೋಡಿಕೊಳ್ಳುತ್ತಿದ್ದ. ನಾನು ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಅಣ್ಣನಿಗೆ ಹೆಣ್ಣು ಕೊಡುತ್ತೇವೆ ಅಂತ ಜನ ಬಂದರೆ "ಮೊದ್ಲು ತಂಗೀದಾಗ್ಲಿ" ಅಂತ ನಗುತ್ತ ಕಳಿಸಿಬಿಡುತ್ತಿದ್ದ. ಆ ತಂಗಿಗೆ ಆಗ ಮಲ್ಲೇಶ್ವರದ ಒಂದು ಸಂಬಂಧ ಕುದುರುತ್ತಿತ್ತು. ಹುಡುಗ ಬ್ಯಾಂಕಿನಲ್ಲಿದ್ದ. ಅವನ ದೊಡ್ಡಪ್ಪನ ಬಟ್ಟೆ ಅಂಗಡಿ ನಗರ್ತಪೇಟೆಯಲ್ಲಿ, ಅಪ್ಪಾಜಿಗೆ ಪೇಟೆಯ ಪರಿಚಯ. ನೋಡಿ ಹೋಗಿದ್ದರು, ಒಪ್ಪಿದ್ದರು, ನಿಶ್ಚಿತಾರ್ಥಕ್ಕೆ ದಿನ ಗೊತ್ತುಮಾಡಲು ಬರುವವರಿದ್ದರು. ನನಗೂ ಹುಡುಗ ಹಿಡಿಸಿದ್ದ. ಅದನ್ನು ಯಾಕೆ ಮುಚ್ಚಿಡಲಿ?

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ಸ್ನಾನವಾದ ಮೇಲೆ ವಿಭೂತಿ ಧರಿಸಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟುಕೊಂಡು ಬಲಗೈಯಲ್ಲಿ ಪೂಜಿಸಬೇಕು. ಅದಾಗದೆ ಬಾಯಿಗೆ ಕಾಫಿಯೂ ಇಲ್ಲ. ಒಂದು ಬೆಳಿಗ್ಗೆ ಅಣ್ಣ ಮಣೆಯ ಮೇಲೆ ಕೂತು ಪೂಜೆ ಮಾಡುತ್ತಿದ್ದಾಗ ಅವನ ಅಂಗೈ ಮೆಲ್ಲಗೆ ಓರೆಯಾಯಿತು, ಲಿಂಗ ಉರುಳಿ ಮಣೆಯ ಮೇಲೆ ಬಿತ್ತು. ಅವನು ನಮ್ಮ ಕಡೆ ನೋಡಿ ನಕ್ಕ. ಬಾಯಿಯ ಒಂದು ಪಕ್ಕ ಮಾತ್ರ ನಕ್ಕಿತು.

ಅತ್ತೆ ಕಿಟಾರನೆ ಕಿರುಚಿಕೊಂಡಳು, "ಅಯ್ಯೋ ಶಿವನೇ, ಲಿಂಗ ಬಿತ್ತಲ್ಲೋ!" ಎಲ್ಲರೂ ಬಿದ್ದ ಲಿಂಗವನ್ನು ನೋಡಿದರು. ಬಿದ್ದ ಕೈ ಯಾರ ಕಣ್ಣಿಗೂ ಬೀಳಲಿಲ್ಲ. "ಕೈ ನೋಡಿ, ಅವನ ಕೈ ನೋಡಿ" ಅಂತ ನಾನು ಒಬ್ಬಳೇ ಬಾಯಿ ಬಡಿದುಕೊಳ್ಳುತ್ತಿದ್ದೆ. ಲಿಂಗ ಜಾರುವುದೆಂದರೆ ದೊಡ್ಡ ದೋಷ, ಮೊದಲು ಮಠದ ಅಯ್ಯನವರನ್ನು ಕರೆಸಿ ಶುದ್ಧಿಯಾಗಬೇಕು ಎಂದು ಅತ್ತೆಯ ಹಠ. ಅಪ್ಪಾಜಿ ಸ್ಕೂಟರ್ ಹತ್ತಿ ಹೋದದ್ದು ಡಾಕ್ಟರ ಹತ್ತಿರಕ್ಕಲ್ಲ, ಮಠಕ್ಕೆ. ಅಷ್ಟು ಹೊತ್ತೂ ಅಣ್ಣ ಗೋಡೆಗೆ ಒರಗಿ, ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಅದು ಮತ್ತೆ ಜಾರಿದರೆ ಮತ್ತೆ ಎತ್ತಿಟ್ಟುಕೊಂಡು ಕೂತಿದ್ದ. ಅಯ್ಯನವರು ಬಂದು ಹೊಸ್ತಿಲಲ್ಲೇ ನಿಂತು ಅವನನ್ನು ನೋಡಿದವರೇ ಕೆಂಡವಾದರು.

"ಲಿಂಗಕ್ಕೇನೂ ಆಗಿಲ್ಲ ಕಣ್ರೀ. ಹುಡುಗನಿಗೆ ಲಕ್ವ ಹೊಡೆದಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗೋದು ಬಿಟ್ಟು ನನ್ನನ್ಯಾಕೆ ಕರೆಸಿದ್ರಿ?"

ಬೈದು ಅವರೇ ಆಟೋ ನಿಲ್ಲಿಸಿ ಹತ್ತಿಸಿದರು. ಆ ದಿನ ಬುದ್ಧಿಯ ಮಾತಾಡಿದವರು ಅವರೊಬ್ಬರೇ.

ಹತ್ತಿರದ ನರ್ಸಿಂಗ್ ಹೋಮಿನ ಡಾಕ್ಟರು ಸ್ಕ್ಯಾನ್ ನೋಡಿ, ಮಿದುಳಿನ ಬಲಭಾಗದಲ್ಲಿ ರಕ್ತನಾಳ ಕಟ್ಟಿಕೊಂಡಿದೆ ಅಂದರು. ಮರುಪ್ರಶ್ನೆಯೇ, "ಕುಡೀತಾರಾ?" ಇಲ್ಲ. "ಸಿಗರೇಟು?" ಇಲ್ಲ. ಡಾಕ್ಟರು ಒಂದು ನಗೆ ನಕ್ಕು, ಅಪ್ಪ ಅಮ್ಮನನ್ನು ಹೊರಗೆ ಕಳಿಸಿ ಅಣ್ಣನನ್ನು ಒಬ್ಬನೇ ಇಟ್ಟುಕೊಂಡು ಮತ್ತೆ ಅದನ್ನೇ ಕೇಳಿದರಂತೆ. ಮೂವತ್ತರ ಹುಡುಗನಿಗೆ ಲಕ್ವ ಅಂದರೆ ಕದ್ದು ಮಾಡಿದ ಪಾಪ ಏನೋ ಇರಲೇಬೇಕು! ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ? ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಅವನನ್ನು ನೋಡಿಕೊಂಡ ಡಾಕ್ಟರಮ್ಮ, ಹೃದಯದಲ್ಲೇನಾದರೂ ತೂತಿದೆಯೋ ಎಂದು ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿ ನೋಡಿದರು. ಕೆಲವರಿಗೆ ಹುಟ್ಟಿನಿಂದಲೇ ಹೃದಯದ ಎರಡು ಕೋಣೆಗಳ ನಡುವಿನ ಗೋಡೆ ಪೂರ್ತಿ ಮುಚ್ಚಿರುವುದಿಲ್ಲ, ಕಾಲಲ್ಲೋ ಇನ್ನೆಲ್ಲೋ ಹೆಪ್ಪುಗಟ್ಟಿದ ರಕ್ತದ ತುಣುಕು ಅದರಲ್ಲಿ ನುಸುಳಿ ಮಿದುಳಿಗೆ ಹೋಗಬಹುದಂತೆ. ಅಣ್ಣನ ಹೃದಯ ಚೆನ್ನಾಗಿತ್ತು. ಕಾರಣ ಗೊತ್ತಿಲ್ಲ ಎಂದು ಬರೆದು, ಆಸ್ಪಿರಿನ್ ಕೊಟ್ಟು ಮನೆಗೆ ಕಳಿಸಿದರು.

ನಾನು ಆಸ್ಪತ್ರೆಗೆ ಸಂಜೆ ಊಟದ ಕ್ಯಾರಿಯರ್ ತೆಗೆದುಕೊಂಡು ಹೋಗಿ ಬರುತ್ತಿದ್ದೆ, ಅಷ್ಟೇ. ಡಾಕ್ಟರು ಬರುವ ಹೊತ್ತಿನಲ್ಲಿ ನನ್ನನ್ನು ಅಲ್ಲಿ ಬಿಡುತ್ತಿರಲಿಲ್ಲ. ಮಲ್ಲೇಶ್ವರದವರ ಕಡೆಯವರು ಯಾರಾದರೂ ನೋಡಿ, ಯಾರಿಗೆ ಏನಾಯಿತು ಎಂದು ಕೇಳಿಬಿಟ್ಟರೆ? ಅವರಿಗೆ ಅಷ್ಟರಲ್ಲೇ ಒಂದು ಕಥೆ ಹೋಗಿತ್ತು: ಅಣ್ಣ ಅಂಗಡಿಯ ಅಟ್ಟದ ಏಣಿಯಿಂದ ಬಿದ್ದು ಕೈಗೆ ಪೆಟ್ಟಾಗಿದೆ. ಕಥೆ ಕಟ್ಟಿದವಳು ಅತ್ತೆ. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರು ಸುಮ್ನೆ ಹೇಳಿದಾರಾ?" ಅಂದಳು. ಆ ಗಾದೆ ಮಾಡಿದ ಹಿರಿಯ ಯಾರೋ, ಎದುರಿಗೆ ಸಿಕ್ಕಿದ್ದರೆ ಜುಟ್ಟು ಹಿಡಿದು ಕೇಳುತ್ತಿದ್ದೆ.

ಏಣಿಯ ಕಥೆಯನ್ನು ನಮ್ಮ ಬೀದಿ ನಂಬಲಿಲ್ಲ. ಬೀದಿ ತನ್ನದೇ ಕಥೆ ಕಟ್ಟಿಕೊಂಡಿತು. ಎದುರುಮನೆಯ ಹೆಂಗಸು ನನ್ನ ಕಿವಿಗೆ ಬೀಳಲೆಂದೇ, "ಹಣೇಲಿ ವಿಭೂತಿ, ಒಳಗೆ ಬಾಟ್ಲಿ. ಈ ಕಾಲದ ಹುಡುಗ್ರನ್ನ ನಂಬೋ ಹಾಗೇ ಇಲ್ಲ ಬಿಡಿ" ಅಂದಳು. ನಾನು ಜಗಳಕ್ಕೆ ಹೊರಟೆ, ಅತ್ತೆ ಸೆರಗು ಹಿಡಿದು ಎಳೆದಳು. "ಅನ್ಲಿ ಬಿಡೆ. ಕುಡುಕ ಅಂದ್ರೆ ಅವನೊಬ್ಬನಿಗೆ ಕೆಟ್ಟ ಹೆಸರು. ರಕ್ತದಲ್ಲೇ ಏನೋ ಇದೆ ಅಂದ್ರೆ ನಿನಗೂ ಅಂಟುತ್ತೆ." ಜೀವಮಾನದಲ್ಲಿ ಬಾಟ್ಲಿ ಮುಟ್ಟದವನಿಗೆ ಕುಡುಕನೆಂಬ ಹೆಸರು ಬಂದರೂ ನಮ್ಮ ಮನೆಗೆ ಲಾಭವೇ ಎಂಬ ಈ ಲೆಕ್ಕಾಚಾರ ಕೇಳಿ ನನಗೆ ಕಣ್ಣು ಕತ್ತಲಾಯಿತು. ಅಣ್ಣನಿಗೆ ಹೇಳಿದರೆ ಅವನು ನಕ್ಕ. "ಬಿಡೇ, ಕುಡೀದೇ ಕುಡುಕ ಆಗೋದು ಎಷ್ಟು ಜನಕ್ಕೆ ಸಾಧ್ಯ?"

ಅವನ ಕೈ ಮೆಲ್ಲಮೆಲ್ಲಗೆ ಸರಿಹೋಗುತ್ತಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟಾಯಿತು, ಆಮೇಲೆ ಲಿಂಗ ಹಿಡಿಯುವಷ್ಟು. ಲಿಂಗ ಕೈಯಲ್ಲಿ ನಿಂತ ದಿನ ಅಮ್ಮ ಪಾಯಸ ಮಾಡಿದಳು. ಆದರೆ ಆಸ್ಪಿರಿನ್ ಶುರುವಾದ ಮೇಲೆ ಮೂಗಿನ ರಕ್ತ ಹೆಚ್ಚಾಗಿತ್ತು. ಮೊದಲೆಲ್ಲ ಕರವಸ್ತ್ರ ಅಮ್ಮನ ಮುಂದೆ ಎಸೆಯುತ್ತಿದ್ದವನು ಈಗ ಬಚ್ಚಲಲ್ಲಿ ತಾನೇ ಒಗೆದು ಹಾಕುತ್ತಿದ್ದ. ಒಳ್ಳೆಯ ಬುದ್ಧಿ ಬಂದಿದೆ ಅಂತ ಅಮ್ಮ ಹೊಗಳಿದಳು.

ನಿಶ್ಚಿತಾರ್ಥ ಆಯಿತು. ಅಣ್ಣ ಹಳದಿ ಜುಬ್ಬಾ ಹಾಕಿಕೊಂಡು ಮನೆಯ ತುಂಬ ಓಡಾಡಿದ, ಬಂದವರ ಎಲೆಗೆಲ್ಲ ತಾನೇ ಹೋಳಿಗೆ ಬಡಿಸಿದ, ನನ್ನ ಹತ್ತಿರ ಬಂದು "ಇನ್ನು ನಿನ್ನ ಕೋಪ ಮಲ್ಲೇಶ್ವರದೋರ ಪಾಲು, ನಾನು ಬಚಾವ್" ಅಂದ. ಅದರ ಮುಂದಿನ ವಾರ ಅಂಗಡಿಯಲ್ಲಿ ಗಿರಾಕಿಗೆ ಹಗ್ಗ ಅಳೆದು ಕೊಡುತ್ತಿದ್ದವನು ಅಳೆಯುತ್ತಲೇ ಗೋಣಿಚೀಲದ ರಾಶಿಯ ಮೇಲೆ ಕುಸಿದ. ಅಂದು ಹೋದ ಎಡಗೈ ಮತ್ತೆ ಬರಲಿಲ್ಲ.

ಸುದ್ದಿ ಬಂದಾಗ ನಾನೂ ಅಮ್ಮನೂ ಅಡುಗೆಮನೆಯಲ್ಲಿದ್ದೆವು. ಅಪ್ಪಾಜಿ ಪೇಟೆಯಿಂದಲೇ ಅವನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದಿದ್ದರು. ಅಮ್ಮ ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಕೂತವಳ ಬಾಯಿಂದ ಮಾತು ತಾನಾಗಿ ಹೊರಬಿತ್ತು.

"ಡಾಕ್ಟರಮ್ಮ ಹೋದ್ಸಲ ಮೂಗಿನ ವಿಷ್ಯ ಕೇಳಿದ್ರು ಕಣೇ. ಮನೇಲಿ ಯಾರಿಗಾದ್ರೂ ಮೂಗಲ್ಲಿ ರಕ್ತ ಬರುತ್ತಾ ಅಂತ. ನಾನು ಬಾಗಿಲಲ್ಲಿದ್ದೆ. ನಿಮ್ಮಪ್ಪಾಜಿ, ನಮ್ಮ ವಂಶದಲ್ಲೇ ಇಲ್ಲ ಅಂದ್ಬಿಟ್ರು."

"ನೀನು ಬಾಯಿ ಬಿಡಲಿಲ್ವಾ?"

"ನಿನ್ನ ಮದುವೆ..." ಅಂದಳು.

ನನ್ನ ಮದುವೆ! ನಾನು ಎದ್ದು ಬೀರು ತೆಗೆದು, ಇದ್ದಬದ್ದ ಮರೂನ್ ಕರವಸ್ತ್ರಗಳನ್ನೆಲ್ಲ ಚೀಲಕ್ಕೆ ತುರುಕಿಕೊಂಡೆ. ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ಹಿರಿಯಳೆಂದೂ ನೋಡದೆ ತಳ್ಳಿಕೊಂಡು ಹೋದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಆ ಡಾಕ್ಟರಮ್ಮ ಸಿಕ್ಕರು, ಪಕ್ಕದಲ್ಲಿ ಅಪ್ಪಾಜಿ ಕೈಕಟ್ಟಿ ನಿಂತಿದ್ದರು. ನಾನು ಚೀಲವನ್ನು ಅಲ್ಲಿದ್ದ ನರ್ಸಿನ ಮೇಜಿನ ಮೇಲೆ ಸುರುವಿದೆ.

"ಮೇಡಂ, ನಮ್ಮನೇಲಿ ಎಲ್ರಿಗೂ ಮೂಗಲ್ಲಿ ರಕ್ತ ಬರುತ್ತೆ. ಅಣ್ಣನಿಗೆ, ನನಗೆ, ಇಗೋ ಇವರಿಗೆ, ಇವರ ಅಕ್ಕನಿಗೆ. ನಮ್ಮಜ್ಜಿ ಚಿಕ್ಕ ವಯಸ್ಸಲ್ಲೇ ಒಂದು ಕಡೆ ಬಿದ್ದು ಹೋದ್ರು. ಸುಳ್ಳು ಹೇಳಿದಾರೆ ನಿಮಗೆ."

ಅವರು ಒಂದು ಕ್ಷಣ ಆ ಬಟ್ಟೆಗಳನ್ನು ನೋಡಿದರು. ಸೀದಾ ವಾರ್ಡಿಗೆ ಹೋಗಿ ಅಣ್ಣನ ಕೆಳತುಟಿ ಮಡಚಿ, ಬೆರಳುಗಳನ್ನು ಬೆಳಕಿಗೆ ಹಿಡಿದು, ಆ ಅದೃಷ್ಟದ ಮಚ್ಚೆಗಳನ್ನು ನೋಡಿದರು. ಆಮೇಲೆ ಅವರಿಗೆ ಬಂದ ಸಿಟ್ಟಿನ ಮುಂದೆ ನನ್ನದು ಏನೂ ಅಲ್ಲ. "ನಾನು ಅವತ್ತೇ ಕೇಳಿದ್ನಲ್ಲ! ನೀವೆಲ್ಲ ಇಲ್ಲ ಅಂದ್ರಿ!" ಅಣ್ಣ ಕಣ್ಣು ಮುಚ್ಚಿಕೊಂಡ. ಅಪ್ಪಾಜಿ ತಲೆ ತಗ್ಗಿಸಿದರು.

ಮರುದಿನ ಮತ್ತೆ ಎಕೋ ಮಾಡಿದರು, ಈ ಸಲ ಬೇರೆ ರೀತಿ. ಸಿರಿಂಜಿನಲ್ಲಿ ಉಪ್ಪುನೀರನ್ನು ಚೆನ್ನಾಗಿ ಕುಲುಕಿ ಸಣ್ಣ ಗುಳ್ಳೆಗಳೆಬ್ಬಿಸಿ ಅವನ ತೋಳಿನ ನರಕ್ಕೆ ಬಿಟ್ಟರು. ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು. ಪರದೆಯಲ್ಲಿ ಹೃದಯದ ಬಲಭಾಗ ಗುಳ್ಳೆಗಳಿಂದ ಬೆಳ್ಳಗಾಯಿತು. ಅವು ಪುಪ್ಪುಸದಲ್ಲೇ ನಿಂತುಬಿಡಬೇಕು, ಎಡಭಾಗಕ್ಕೆ ಬರಲೇಬಾರದು ಅಂದರು. ನೋಡುತ್ತಲೇ ಇದ್ದೆವು. ಹೃದಯ ಕೆಲವು ಸಲ ಬಡಿದುಕೊಂಡಿತು, ಆಮೇಲೆ ಎಡಭಾಗದಲ್ಲೂ ಗುಳ್ಳೆಗಳು ಬಂದವು. ತೂತು ಹೃದಯದಲ್ಲಿದ್ದರೆ ತಕ್ಷಣ ಬರುತ್ತಿದ್ದವು, ತಡವಾಗಿ ಬಂದರೆ ದಾರಿ ಪುಪ್ಪುಸದಲ್ಲಿದೆ ಎಂದರ್ಥ.

ಡಾಕ್ಟರಮ್ಮ ನನಗೆ ತಿಳಿಯುವ ಹಾಗೆ ಹೇಳಿದರು. ಮೈಯೆಲ್ಲ ಸುತ್ತಿ ಬಂದ ರಕ್ತ ಪುಪ್ಪುಸದ ಕೂದಲೆಳೆಯಂಥ ನಾಳಗಳ ಮೂಲಕ ಸೋಸಿಕೊಂಡು ಹೋಗುತ್ತದೆ, ಕಾಫಿ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದ ಹಾಗೆ. ಸಣ್ಣಪುಟ್ಟ ಹೆಪ್ಪು ಏನಿದ್ದರೂ ಅಲ್ಲೇ ಸಿಕ್ಕಿಕೊಂಡು ಕರಗುತ್ತದೆ. ಅಣ್ಣನ ಪುಪ್ಪುಸದಲ್ಲಿ ಒಂದು ಕಡೆ ದೊಡ್ಡ ನಾಳವೇ ಇನ್ನೊಂದು ನಾಳಕ್ಕೆ ನೇರವಾಗಿ ಕೂಡಿಕೊಂಡಿತ್ತು, ನಡುವೆ ಸೋಸುವುದು ಏನೂ ಇರಲಿಲ್ಲ. ಫಿಲ್ಟರಿನ ತಳ ತೂತಾದರೆ ಚರಟ ಲೋಟಕ್ಕೇ ಬೀಳುತ್ತದಲ್ಲ, ಹಾಗೆ ಹೆಪ್ಪು ಸೀದಾ ಮಿದುಳಿಗೆ ಹೋಗಿತ್ತು. ಮೂಗಿನ ರಕ್ತ, ತುಟಿಯ ಚುಕ್ಕಿ, ಏದುಸಿರು, ನೇರಳೆ ಉಗುರು, ಎಲ್ಲ ಒಂದೇ ಕಾಯಿಲೆ, ವಂಶದಲ್ಲಿ ಇಳಿದು ಬರುವಂಥದ್ದು. ತೊಡೆಯ ಸಂದಿಯ ನಾಳದಿಂದ ಸಣ್ಣ ಕೊಳವೆ ಏರಿಸಿ, ಆ ಜಾಗಕ್ಕೆ ತಂತಿಯ ಸುರುಳಿಗಳನ್ನು ತುಂಬಿ ಮುಚ್ಚಿದರು. ಅಣ್ಣ ಎಚ್ಚರವಾಗಿಯೇ ಇದ್ದ. ಇಷ್ಟೇ ಕೆಲಸ. ಮೊದಲ ಸಲವೇ ಯಾರಾದರೂ "ಹೌದು, ಬರುತ್ತೆ" ಎಂದು ಒಂದು ಮಾತು ಹೇಳಿದ್ದರೆ ಆಗಲೇ ಮುಗಿಯುತ್ತಿದ್ದ ಕೆಲಸ. ಆಗ ಅವನ ಕೈ ಇತ್ತು.

ಮಲ್ಲೇಶ್ವರದ ಹುಡುಗನಿಗೆ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ. "ಮನೇಲಿ ಕೇಳಿ ಹೇಳ್ತೀನಿ" ಅಂದ. ಇನ್ನೂ ಕೇಳುತ್ತಿದ್ದಾನೋ ಏನೋ. ಕೊಟ್ಟ ಸೀರೆ, ಉಂಗುರ ಅವನ ದೊಡ್ಡಪ್ಪ ಕಳಿಸಿದ ಆಳಿನ ಕೈಯಲ್ಲಿ ಹಿಂದಕ್ಕೆ ಹೋದವು. ಅತ್ತೆ ಎದೆ ಬಡಿದುಕೊಂಡು ಅತ್ತಳು. ಕೈ ಹೋದಾಗ ಅವಳು ಅಷ್ಟು ಅತ್ತಿರಲಿಲ್ಲ.

ನನ್ನ ಸಿಟ್ಟೆಲ್ಲ ಅಪ್ಪಾಜಿಯ ಮೇಲೆ ತಿರುಗಿತು. ಒಂದೇ ಮನೆಯಲ್ಲಿದ್ದುಕೊಂಡು ವರ್ಷಗಟ್ಟಲೆ ಅವರ ಜೊತೆ ನೆಟ್ಟಗೆ ಮಾತಾಡಲಿಲ್ಲ. ತಟ್ಟೆಯನ್ನು ಕುಕ್ಕಿ ಬಡಿಸುತ್ತಿದ್ದೆ. ಅವರು ಏನಾದರೂ ಕೇಳಿದರೆ "ನನಗೇನು ಗೊತ್ತು, ನಮ್ಮ ವಂಶದಲ್ಲೇ ಇಲ್ಲ" ಅನ್ನುತ್ತಿದ್ದೆ. ಆಸ್ಪತ್ರೆಯವರು ನಮ್ಮೆಲ್ಲರನ್ನೂ ಪರೀಕ್ಷೆ ಮಾಡಿದರು, ನನ್ನ ಪುಪ್ಪುಸವೂ ಅಪ್ಪಾಜಿಯದೂ ಸರಿಯಾಗಿತ್ತು. ಅದಕ್ಕೂ ಸಿಟ್ಟು ಬಂತು. ನಾನು ಬೇರೆ ಮದುವೆಗೆ ಒಪ್ಪಲಿಲ್ಲ. ಒಂದು ಮದುವೆಯ ಬೆಲೆ ಏನೆಂದು ಬೆಳಿಗ್ಗೆ ಬೆಳಿಗ್ಗೆ ಮಣೆಯ ಮೇಲೆ ಕೂತು ನೋಡುತ್ತಿದ್ದೆನಲ್ಲ. ಅಣ್ಣನ ಎಡ ಅಂಗೈ ತಾನಾಗಿ ಬಿಚ್ಚುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಅವನ ಬೆರಳುಗಳನ್ನು ಬಿಡಿಸಿ, ನನ್ನ ಅಂಗೈಯನ್ನು ಅವನದರ ಕೆಳಗೆ ಕೊಟ್ಟು ಹಿಡಿಯುತ್ತಿದ್ದೆ. ಅದರ ಮೇಲೆ ಲಿಂಗ. ಅವನು ಬಲಗೈಯಲ್ಲಿ ವಿಭೂತಿ ಇಟ್ಟು, ಪತ್ರೆ ಏರಿಸಿ ಪೂಜೆ ಮುಗಿಸುತ್ತಿದ್ದ. ಆಮೇಲೆ ನಾನು ಸ್ಕೂಲಿಗೆ, ಅವನು ಅಂಗಡಿಗೆ.

ಹೀಗೇ ಹತ್ತು ವರ್ಷದ ಹತ್ತಿರ ಹೋಯಿತು. ಅತ್ತೆ ತೀರಿಕೊಂಡಿದ್ದಳು, ಚಾಮರಾಜಪೇಟೆಯ ಹಳೆ ಮನೆಗಳು ಒಂದೊಂದಾಗಿ ಉರುಳಿ ಮೂರಂತಸ್ತು ಏಳುತ್ತಿದ್ದವು. ಒಂದು ಭಾನುವಾರ ಎಲ್ಲರೂ ಕೂತು ತಿಂಡಿ ತಿನ್ನುತ್ತಿದ್ದಾಗ ಅಪ್ಪಾಜಿಯ ಮೂಗಿನಿಂದ ರಕ್ತ ಸುರಿದು ತಟ್ಟೆಯ ದೋಸೆಯ ಮೇಲೆ ಬಿತ್ತು. ಅವರು ಮರೂನ್ ಕರವಸ್ತ್ರ ತಡಕುತ್ತ, ಅಭ್ಯಾಸದ ಮೇಲೆ, "ಏನಿಲ್ಲ, ಉಷ್ಣ" ಅಂದರು.

ನನಗೆ ತಡೆಯಲಾಗಲಿಲ್ಲ. "ಇನ್ನೂ ಉಷ್ಣಾನಾ? ನಾಚಿಕೆ ಆಗಲ್ವಾ ಅಪ್ಪಾಜಿ? ನಿಮ್ಮ ಒಂದು ಸುಳ್ಳಿಗೆ ಮಗನ ಕೈ ಹೋಯ್ತು. ಇವತ್ತಿಗಾದ್ರೂ ಬಿಡಿ ಆ ಮಾತನ್ನ!"

ಅಪ್ಪಾಜಿ ಮೂಗು ಒತ್ತಿ ಹಿಡಿದು ಕೂತಿದ್ದರು. ಅಣ್ಣ ಕಾಫಿ ಲೋಟ ಕೆಳಗಿಟ್ಟ.

"ಸಾಕು ಮಾಡು. ಡಾಕ್ಟರಮ್ಮ ಮೊದ್ಲು ಕೇಳಿದ್ದು ನನ್ನನ್ನ."

"ಏನನ್ನ?"

"ನಿಮಗೆ ಮೂಗಲ್ಲಿ ರಕ್ತ ಬರುತ್ತಾ ಅಂತ. ನನಗೆ ಮಾತು ಬರ್ತಿತ್ತಲ್ಲ, ತೊದಲಾದ್ರೂ. ಇಲ್ಲ ಮೇಡಂ ಅಂದೆ. ಆಮೇಲೆ ಅಪ್ಪಾಜಿ ಒಳಗೆ ಬಂದ್ರು, ಅವರನ್ನೂ ಕೇಳಿದ್ರು. ಅವರು ನನ್ನ ಮುಖ ನೋಡಿದ್ರು. ಬೇಡ ಅಂತ ನಾನೇ ತಲೆ ಆಡಿಸಿದೆ. ಅಷ್ಟೊತ್ತಿಗೆ ಅಮ್ಮ ಬಾಗಿಲಿಗೆ ಬಂದಿದ್ಲು, ಅವಳು ಕೇಳಿಸ್ಕೊಂಡಿದ್ದು ಕೊನೇ ಮಾತು."

"ಯಾಕೆ?"

"ಮುಂದಿನ ವಾರ ಮಲ್ಲೇಶ್ವರದೋರು ದಿನ ಗೊತ್ತುಮಾಡೋಕೆ ಬರೋರಿದ್ರಲ್ಲ. ಮದುವೆ ಆದ್ಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ. ಕೈ ಹೇಗೂ ಸರಿಹೋಗ್ತಿತ್ತು."

ಹತ್ತು ವರ್ಷ ನನ್ನ ಬೈಗುಳ ತಿಂದ ಅಪ್ಪಾಜಿಯ ಕಡೆ ನೋಡಿದೆ. ಅವರು ತಲೆ ಎತ್ತಲಿಲ್ಲ. ಕರವಸ್ತ್ರ ಮಡಿಸಿ ಒಣ ಬದಿಯಿಂದ ಮತ್ತೆ ಮೂಗು ಒತ್ತಿಕೊಂಡರು. ಅಮ್ಮ ಗೋಡೆಯ ಕಡೆ ತಿರುಗಿಕೊಂಡಳು. ಅಪ್ಪಾಜಿ, ಅಣ್ಣ ಇಬ್ಬರೂ ಸೇರಿ ನನ್ನ ಸಿಟ್ಟಿಗೆ ನಿಲ್ಲಲು ಒಂದು ಜಾಗವನ್ನೂ ಉಳಿಸಿರಲಿಲ್ಲ. ಅದಕ್ಕೇ ಅದು ಇನ್ನಷ್ಟು ಹೆಚ್ಚಾಯಿತು.

"ನನ್ನನ್ನ ಯಾರು ಕೇಳಿದ್ರು?" ಅಂತ ಕೂಗಿದೆ. ಅಕ್ಕಪಕ್ಕದ ಮನೆಗೆಲ್ಲ ಕೇಳಿರಬೇಕು. "ನಿನ್ನ ಕೈ ಕೊಟ್ಟು ನನಗೆ ಮದುವೆ ಮಾಡು ಅಂತ ನಾನು ಕೇಳಿದ್ನಾ? ದಿನಾ ಸಂಜೆ ಆಸ್ಪತ್ರೆಗೆ ಊಟ ತರ್ತಿದ್ನಲ್ಲ. ಒಂದು ಮಾತು ನನ್ನನ್ನ ಕೇಳೋಕೆ ನಿಮಗೇನಾಗಿತ್ತು? ನಾನು ಬೇಡ ಅಂತಿದ್ದೆ. ಆ ಹುಡುಗನೂ ಬೇಡ, ಅವರಪ್ಪನೂ ಬೇಡ ಅಂತಿದ್ದೆ!"

"ಅಂತೀಯ ಅಂತ ಗೊತ್ತಿತ್ತು" ಅಂದ ಅಣ್ಣ. "ಅದಕ್ಕೇ ಕೇಳಲಿಲ್ಲ."

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು ನೋಡಿದರೆ ಅಣ್ಣ ಮಣೆಯ ಮೇಲೆ ಕೂತಿದ್ದ. ಹಣೆಗೆ ವಿಭೂತಿ ಆಗಿತ್ತು, ಎಡಗೈ ಮುಷ್ಟಿಯಾಗಿ ತೊಡೆಯ ಮೇಲಿತ್ತು. ಕರೆಯಲಿಲ್ಲ, ಕಾಯುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ. ಒಂದೊಂದಾಗಿ ಬೆರಳು ಬಿಡಿಸಿ, ಕೆಳಗೆ ನನ್ನ ಅಂಗೈ ಕೊಟ್ಟು ಹಿಡಿದೆ. ಅವನು ಲಿಂಗ ಇಟ್ಟ.

"ನೋಯುತ್ತೆ ಕಣೇ, ಮೆತ್ತಗೆ ಹಿಡ್ಕೋ" ಅಂದ.

"ನೋಯ್ಲಿ" ಅಂದೆ. ಪೂಜೆ ಮುಗಿಯುವವರೆಗೂ ಹಾಗೇ ಹಿಡಿದಿದ್ದೆ.